ಒಳಗಿಂದ ಒಡೆದ ದೋಣಿ

ಬಿರುಕು ಬಿಟ್ಟ ನೀರಿನ ಟಾಕಿಗಳಿಗೆ ತೇಪೆ ಹಾಕುತ್ತಲೇ ಫೈಬರ್ ಕೆಲಸ ಕಲಿತವನು ನಾನು. ಊರು ಶಹಾಬಾದ. ದೆವ್ವ-ಗಿವ್ವ ಅಂದರೆ ನಗುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ದಂಡೋತಿಯ ದೇವೀಂದ್ರಪ್ಪ ಕಾಕಾ ತಮ್ಮ ಹಳೆಯ ಫೈಬರ್ ದೋಣಿ ರಿಪೇರಿಗೆ ಕರೆದರು. ಅವರ ಹೆಂಡತಿ ಬಸ್ಸಮ್ಮ ಕಾಗಿಣಾ ಹೊಳೆ ದಾಟಿ ಆಚೆ ದಂಡೆಯ ಹೊಲಕ್ಕೆ ಹೋಗಲು ಅದೇ ಬೇಕಾಗಿತ್ತು.

ದೋಣಿ ಅಂಗಳದ ಫರ್ಸಿ ಕಲ್ಲಿನ ಮೇಲೆ ಬೋರಲಾಗಿತ್ತು. ತಳದಲ್ಲಿ ಅಂಗೈ ಅಗಲದ ತೂತು.

“ಕಲ್ಲಿಗಿ ಬಡದು ತೂತ ಬಿದ್ದದೋ ತಮ್ಮಾ,” ಎಂದರು ಕಾಕಾ.

ಕಲ್ಲು ಬಡಿದರೆ ಫೈಬರ್ ಎಳೆಗಳು ಒಳಕ್ಕೆ ಮುರಿಯಬೇಕು. ಇಲ್ಲಿ ಹೊರಕ್ಕೆ ಮುರಿದು ನಿಂತಿದ್ದವು.

“ಇದು ಒಳಗಿಂದ ಒಡದಂಗದಲ್ರೀ ಕಾಕಾ?”

“ನೀ ಏನು ಫೌಜದಾರ ಏನೋ? ನಿನ್ನ ಕೆಲಸ ನೀ ಮಾಡು.”

ಅಂಚು ಉಜ್ಜಿ, ಫೈಬರ್ ಮ್ಯಾಟ್ ಹಾಸಿ ರೆಸಿನ್ ಅಂಟು ಹಚ್ಚಿದೆ. ಗಟ್ಟಿಯಾಗುವಾಗ ರೆಸಿನ್ ತಾನೇ ಬಿಸಿಯಾಗುತ್ತದೆ. ಮೇಲೆ ಸುಡುಬಿಸಿಲು ಬೇರೆ. ಆದರೂ ತೇಪೆ ಮಣ್ಣಿನ ಗಡಿಗೆಯಂತೆ ತಣ್ಣಗಿತ್ತು. ಟೊಳ್ಳು ಉಳಿದಿದೆಯೇನೋ ಎಂದು ಬೆರಳ ಗೆಣ್ಣಿನಿಂದ ಬಡಿದೆ. ಒಳಗಿಂದ ಯಾರೋ ತಿರುಗಿ ಬಡಿದರು.

ಕಾಕಾನ ಚೇಷ್ಟೆ ಎಂದು ತಿರುಗಿದರೆ, ಅವರು ನನ್ನ ಬೆನ್ನ ಹಿಂದೆಯೇ ನಿಂತು ಬೆವರುತ್ತಿದ್ದರು. ನೆರೆಯವರನ್ನು ಕರೆದು ದೋಣಿ ಎತ್ತಿ ನೋಡಿದೆವು. ಒಳಗೆ ಯಾರೂ ಇರಲಿಲ್ಲ. ಕೆಳಗಿನ ಫರ್ಸಿ ಮಾತ್ರ ತೊಯ್ದಿತ್ತು.

“ನಾಳಿ ಇದರಾಗ ನಾ ಕುಂದ್ರಬೇಕೋ ಬ್ಯಾಡೋ, ಖರೆ ಹೇಳಪಾ,” ಎಂದಳು ಬಸ್ಸಮ್ಮ.

ನಾನು ಕಾಕಾನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

“ಮುಂಜಾನಿ ನೋಡಿ ಹೇಳ್ತೀನ್ರೀ ಕಾಕು,” ಎಂದೆ.

ಮುಂಜಾನೆ ಬಂದಾಗ ತೇಪೆ ಅಲ್ಲೇ ಒಡೆದಿತ್ತು, ಎಳೆಗಳು ಹೊರಕ್ಕೆ ಮುರಿದಿದ್ದವು. ದೋಣಿಯನ್ನು ನಾವಿನ್ನೂ ನೀರಿಗೇ ಇಳಿಸಿರಲಿಲ್ಲ.