ಹದಿನಾಲ್ಕು ಹೆಸರು, ಒಂದೇ ಹುಣ್ಣು

2025ರ ಫೆಬ್ರವರಿ 8, ಶನಿವಾರ. ಬೆಳಿಗ್ಗೆ 10.20ಕ್ಕೆ ನಂಜನಗೂಡು ಪಟ್ಟಣ ಠಾಣೆಗೆ ಬಂದ ಹುಡುಗಿಯ ಹೆಸರು ಚೈತ್ರ. ವಯಸ್ಸು ಹತ್ತೊಂಬತ್ತು, ಊರು ಬದನವಾಳು. ನರ್ಸಿಂಗ್ ಸಹಾಯಕರ ತರಬೇತಿಯ ವಿದ್ಯಾರ್ಥಿನಿ. ಒಂದು ನೋಟ್‌ಬುಕ್ ಕಳುವಾಗಿದೆ ಎಂಬುದು ಅವಳ ದೂರು.

ಹೆಡ್ ಕಾನ್‌ಸ್ಟೆಬಲ್ ಬೆಟ್ಟಸ್ವಾಮಿ ದೂರಿನ ಹಾಳೆಯನ್ನು ತಿರುಗಿಸಿ ನೋಡಿದರು.

"ಬುಕ್ಕು ಕಳ್ದೋದ್ರೆ ಅಂಗಡೀಗೋಗವ್ವ. ಇಲ್ಲೇನ್ ಮಾರ್ತಾರ?"

"ಕಳ್ದಿಲ್ಲ ಸಾ. ಕದ್ದವ್ರೆ."

"ಬೆಲೆ ಎಷ್ಟು?"

"ನೂರೈವತ್ತು."

ಬೆಟ್ಟಸ್ವಾಮಿ ನಕ್ಕರು. ಒಳಗೆ ಕೂತಿದ್ದ ಇನ್‌ಸ್ಪೆಕ್ಟರ್ ರಂಗಸ್ವಾಮಿ ನಗಲಿಲ್ಲ. ಹುಡುಗಿಯನ್ನು ಕರೆಸಿ ಕೂರಿಸಿದರು. ದೊಡ್ಡವರ ಮನೆಯ ನಾಯಿ ತಪ್ಪಿಸಿಕೊಂಡರೆ ಜೀಪು ಹೊರಡುವ ತಾಲ್ಲೂಕಿನಲ್ಲಿ ಬಡವರ ಮಗಳ ಪುಸ್ತಕಕ್ಕೆ ಒಂದು ಕುರ್ಚಿ ಸಿಕ್ಕಿದ್ದೇ ಹೆಚ್ಚು.

"ಏನು ಬುಕ್ಕಮ್ಮ ಅದು?"

"ರೆಕಾರ್ಡ್ ಬುಕ್ ಸಾ. ಆಗಸ್ಟಿಂದ ಜನವರಿ ಗಂಟ ಟಿ. ನರಸೀಪುರದ ನರ್ಸಿಂಗ್ ಹೋಮ್‌ನಾಗೆ ವಾರ್ಡ್ ಡ್ಯೂಟಿ ಮಾಡಿವ್ನಿ. ದಿನಾ ಯಾವ ರೋಗಿ ನೋಡ್ದೆ, ಏನ್ ಮಾಡ್ದೆ ಅಂತ ಬರ್ದು ಸಿಸ್ಟರ್ ಕೈಲಿ ಸೈನ್ ಆಕ್ಸಿವ್ನಿ. ಚೆಕ್ ಮಾಡಾಕೆ ಟ್ರೈನಿಂಗ್ ಸೆಂಟರ್‌ಗೆ ಕೊಟ್ಟಿದ್ದೆ, ಬೀಗ ಆಕಿದ್ ಬೀರುವಿಂದ ಓಗದೆ. ಮಂಗಳವಾರ ಪ್ರಾಕ್ಟಿಕಲ್ ಪರೀಕ್ಷೆ. ಬುಕ್ ಇಲ್ದಿದ್ರೆ ಒಳೀಕೇ ಬಿಡಲ್ಲ."

"ಇನ್ನೊಂದು ಸಲ ಬರಿ."

"ಇನ್ನೊಂದ್ ಸಲ ಅಂದ್ರೆ ಆರ್ ತಿಂಗ್ಳು ಸಾ. ಮಾರ್ಚ್ ಒಂದಕ್ಕೆ ಮೈಸೂರ್ ಆಸ್ಪತ್ರೇಲಿ ಕೆಲ್ಸಕ್ಕೆ ತಕ್ಕತೀವಿ ಅಂದವ್ರೆ. ಸರ್ಟಿಫಿಕೇಟ್ ಇಲ್ದಿದ್ರೆ ಅದೂ ಓಯ್ತು."

"ಯಾರ ಮೇಲೆ ಅನುಮಾನ?"

"ವಾರ್ಡ್ ಸಿಸ್ಟರ್ ರಾಮಮ್ಮ. ಬಿ.ಪಿ. ನೋಡ್ದೇನೆ ಚಾರ್ಟಿಗೆ ಬರೀತಾರೆ ಅಂತ ಡಾಕ್ಟ್ರಿಗೆ ಏಳ್ಬುಟ್ಟಿದ್ದೆ. 'ನಿನ್ನ ಪರೀಕ್ಷೆ ಎಂಗೆ ಆಯ್ತದೋ ನೋಡ್ತೀನಿ' ಅಂದಿದ್ರು."

ಬೆಲೆ ಐದು ಸಾವಿರಕ್ಕಿಂತ ಕಡಿಮೆ, ಎಫ್‌ಐಆರ್ ಬೇಡ, ಎನ್.ಸಿ. ಮಾಡಿ ಕೈಬಿಡೋಣ ಎಂದರು ಬೆಟ್ಟಸ್ವಾಮಿ. "ಬೀಗ ಹಾಕಿದ ಬೀರುವಿನಿಂದ ಹೋಗಿದೆ. ಕಟ್ಟಡದೊಳಗಿನ ಕಳವು, ಕಲಂ 305 ಹಾಕಿ" ಎಂದರು ಇನ್‌ಸ್ಪೆಕ್ಟರ್. 11.05ಕ್ಕೆ ಎಫ್‌ಐಆರ್ ದಾಖಲಾಯಿತು.

12.15ಕ್ಕೆ ತರಬೇತಿ ಕೇಂದ್ರದಲ್ಲಿ ಪಂಚನಾಮೆ. ಎರಡನೇ ಮಹಡಿಯ ಎರಡು ಕೋಣೆ, ಒಂದು ಪ್ಲಾಸ್ಟಿಕ್ ಬೊಂಬೆ, ಒಂದು ಮಂಚ. ಇಷ್ಟಕ್ಕೇ ತರಬೇತಿ ಎಂಬ ಬೋರ್ಡು. ಮಾಲೀಕ ಅಮೃತೇಶ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕಾಫಿ ತರಿಸಿದ. ಯಾರೂ ಕುಡಿಯಲಿಲ್ಲ.

ಬೀರುವಿನ ಬೀಗ ಮುರಿದಿರಲಿಲ್ಲ. ಜನವರಿ 30ರಂದು ಇಪ್ಪತ್ತೊಂದು ಪುಸ್ತಕಗಳು ಪರಿಶೀಲನೆಗೆ ಬಂದಿದ್ದವು, ಉಳಿದ ಒಂದು ಫೆಬ್ರವರಿ 7ರ ಬೆಳಿಗ್ಗೆ. ಪುಸ್ತಕ ಒಪ್ಪಿಸಿದ ರಿಜಿಸ್ಟರಿನಲ್ಲಿ ಚೈತ್ರಳ ಸಹಿ ಜನವರಿ 30ರಲ್ಲೇ ಇತ್ತು. ಈಗ ಬೀರುವಿನಲ್ಲಿದ್ದದ್ದು ಇಪ್ಪತ್ತೊಂದು.

"ಕೀ ಯಾರ ಹತ್ತಿರ ಇರುತ್ತೆ?"

"ನನ್ನ ಹತ್ರಾನೇ ಸಾರ್. ಆದ್ರೆ ಆ ಹುಡುಗಿ ವಾಪಸ್ ತಗೊಂಡೋಗಿ ಬಸ್ಸಲ್ಲಿ ಬಿಟ್ಟಿರ್ತಾಳೆ ಬಿಡಿ. ಬಾಯಿ ಜಾಸ್ತಿ ಅವಳಿಗೆ."

"ಬಾಯಿಗೂ ಬಸ್ಸಿಗೂ ಏನ್ ಸಂಬಂಧ?"

ಹಾಜರಿ ಪುಸ್ತಕದ ಪ್ರಕಾರ ಟಿ. ನರಸೀಪುರದ ತಂಡದಲ್ಲಿದ್ದವರು ನಾಲ್ವರು. ಉಳಿದ ಮೂವರ ಪುಸ್ತಕಗಳನ್ನು ಇನ್‌ಸ್ಪೆಕ್ಟರ್ ಕೇಳಿದಾಗ ಅಮೃತೇಶ್‌ನ ಮುಖ ಬದಲಾಯಿತು.

"ಪರೀಕ್ಷೆ ಹತ್ರ ಅದೆ ಸಾರ್. ಅವೆಲ್ಲ ಯಾಕೆ?"

"ಸಿಸ್ಟರ್ ಸಹಿ ಹೋಲಿಸಿ ನೋಡೋಕೆ" ಎಂದು ಮಹಿಳಾ ಕಾನ್‌ಸ್ಟೆಬಲ್ ವಾಣಿ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡಳು. ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಪೊಲೀಸರು ಮೂವರಿಗೂ ಅನ್ನಿಸಿತು. ಏನೆಂದು ಗೊತ್ತಾಗಲಿಲ್ಲ.

ಮಧ್ಯಾಹ್ನ 3.10. ಟಿ. ನರಸೀಪುರದ ನರ್ಸಿಂಗ್ ಹೋಮ್, ಇಪ್ಪತ್ತು ಹಾಸಿಗೆ. ಸಿಸ್ಟರ್ ರಾಮಮ್ಮನಿಗೆ ಐವತ್ತು ದಾಟಿತ್ತು. ಪೊಲೀಸರನ್ನು ಕಂಡು ಕೈಯಲ್ಲಿದ್ದ ಟ್ರೇ ಕೆಳಗಿಟ್ಟರು.

"ಚೈತ್ರಳ ಬುಕ್ ಎಲ್ಲಿ?"

"ನಂಗೇನ್ ಗೊತ್ತು?"

"ಬೆದರಿಸಿದ್ರಂತೆ."

"ಬೈದಿವ್ನಿ. ಇಪ್ಪತ್ತು ಜನಕ್ಕೆ ಒಬ್ಳೇ ಸಿಸ್ಟರ್ ಸಾ. ಎಲ್ಲಾರ ಬಿ.ಪಿ. ನಾನೇ ನೋಡಕ್ಕೆ ನಂಗೇನ್ ನಾಕ್ ಕೈ ಅವಾ? ಅವ್ಳು ಏಳಿದ್ದು ನಿಜ. ಅದ್ಕೇ ಕ್ವಾಪ ಬಂತು. ಅಂಗಂತ ಕದಿಯಾಕೋಯ್ತೀನಾ?"

ಇನ್‌ಸ್ಪೆಕ್ಟರ್ ಮೂರು ಪುಸ್ತಕಗಳನ್ನೂ ಮುಂದಿಟ್ಟರು. ಎರಡರ ಸಹಿಗಳನ್ನು ರಾಮಮ್ಮ ಕೂಡಲೇ ಒಪ್ಪಿದರು. ಮೂರನೆಯದು ಮದನ್ ಎಂಬ ಹುಡುಗನದು.

"ಇವ್ನು ಯಾರು? ನಮ್ ವಾರ್ಡಿಗೆ ಗಂಡ್ ಐಕ್ಳು ಯಾರೂ ಬಂದೇ ಇಲ್ಲ."

"ಸಹಿ ನಿಮ್ದೇ."

"ನನ್ದಂಗೇ ಅದೆ. ನಾನ್ ಆಕಿಲ್ಲ."

"ಎಷ್ಟಕ್ಕೆ ಹಾಕಿಕೊಟ್ರಿ?"

ರಾಮಮ್ಮ ಕನ್ನಡಕ ಹಾಕಿಕೊಂಡು ಪುಟ ತಿರುಗಿಸತೊಡಗಿದರು. ಸುಳ್ಳು ಹುಡುಕಲು ಹೊತ್ತು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡು ಬೆಟ್ಟಸ್ವಾಮಿ ಗಡಿಯಾರ ನೋಡಿದರು. ಹತ್ತು ನಿಮಿಷವಾಯಿತು. ರಾಮಮ್ಮ ಹಿಂದಿನ ಪುಟಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು.

"ಸಾ, ಇಲ್ನೋಡಿ. ರೋಗಿಗಳ ಹೆಸ್ರು ನಮ್ಮೋರ್ದೇ. ಆದ್ರೆ ಒಳಗಿರೋ ಮೈ ಬೇರೆ."

"ಅಂದ್ರೆ?"

"ಆಗಸ್ಟಲ್ಲಿ ಒಬ್ರಿಗೆ ಸೊಂಟದ ಕೆಳೀಕೆ ಹಾಸಿಗೆ ಹುಣ್ಣು, ಐದ್ ಸೆಂಟಿಮೀಟ್ರು. ಮುಂದಿನ ತಿಂಗ್ಳು ಇನ್ಯಾರ್ದೋ ಹೆಸ್ರು, ಅದೇ ಜಾಗ, ನಾಕೂವರೆ. ಅಕ್ಟೋಬರಲ್ಲಿ ಮೂರು. ಜನವರೀಲಿ ಮುಚ್ಕಂಡದೆ. ಎಲ್ರಿಗೂ ಬಿ.ಪಿ. ಬಲಗೈಲೇ ನೋಡವ್ನೆ, ಎಡಗೈ ಸ್ವಾಧೀನ ಇಲ್ಲ ಅಂತ ಬರ್ದವ್ನೆ. ಎರಡ್ ಗಂಟೆಗೊಂದ್ ಸಲ ಮಗ್ಗಲು ಬದಲಾಯ್ಸವ್ನೆ. ಎಣಿಸ್ದೆ. ಹೆಸ್ರು ಹದಿನಾಲ್ಕು ಸಾ, ಹುಣ್ಣು ಒಂದೇ."

"ನಿಮ್ಮಲ್ಲಿ ಅಂಥ ರೋಗಿ?"

"ಐದ್ ದಿನಕ್ಕೆ ಮನೇಗ್ ಕಳಿಸ್ತೀವಿ. ಇಂಥಾವ್ರನ್ನ ಮೈಸೂರ್ಗೇ ಸಾಗಾಕದು." ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟರು. "ಸುಳ್ ಬರೆಯೋರು ಒಂದೇ ವಾರಕ್ಕೆ ವಾಸಿ ಮಾಡ್ಬುಡ್ತಾರೆ. ಇದನ್ನ ಬರ್ದೋನು ಆರ್ ತಿಂಗ್ಳು ಕೆಲ್ಸ ಮಾಡವ್ನೆ. ನಮ್ಮಲ್ಲಲ್ಲ, ಅಷ್ಟೇ."

ಜೀಪಿನಿಂದಲೇ ವಾಣಿ ಚೈತ್ರಳಿಗೆ ಫೋನ್ ಮಾಡಿದಳು.

"ಮದನ್ ಎಲ್ಲಿರ್ತಾನೆ?"

"ಅಮೃತೇಶ್ ಸಾರ್ ಮನೇಲಿ ಅಕ್ಕ, ತಾಂಡವಪುರ. ಶನಿವಾರ ಮಾತ್ರ ಕ್ಲಾಸಿಗೆ ಬತ್ತಾನೆ. ಅವ್ನಿಗೆ ಪೋಸ್ಟಿಂಗ್ ಬೇರೆ ಕಡೆ ಅಂದಿದ್ರು."

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 9.40. ತಾಂಡವಪುರದ ಆ ಮನೆಯ ಹಿಂದಿನ ಕೋಣೆಯಲ್ಲಿ ಅಮೃತೇಶ್‌ನ ತಂದೆ ಬಸವಯ್ಯ ಗಾಳಿ ತುಂಬಿದ ಹಾಸಿಗೆಯ ಮೇಲೆ ಬಲ ಮಗ್ಗುಲಾಗಿ ಮಲಗಿದ್ದರು. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿ ಒಂದು ವರ್ಷ. ಕೋಣೆಯಲ್ಲಿ ವಾಸನೆ ಇರಲಿಲ್ಲ. ಗೋಡೆಯ ಮೇಲೆ ಗೆರೆ ಎಳೆದ ಹಾಳೆ. ಆರು, ಎಂಟು, ಹತ್ತು ಎಂದು ವೇಳೆ, ಎದುರಿಗೆ ಎಡ, ಬಲ. ಮುದುಕನಿಗೆ ಗಂಜಿ ಕುಡಿಸುತ್ತಿದ್ದ ಹುಡುಗ ಪೊಲೀಸರನ್ನು ನೋಡಿ ಚಮಚ ಕೆಳಗಿಡಲಿಲ್ಲ. ಬಟ್ಟಲು ಮುಗಿಸಿ, ಬಾಯಿ ಒರೆಸಿ, ಆಮೇಲೆ ಎದ್ದ.

"ಮದನ್?"

"ಊಂ ಸಾ."

"ಪುಸ್ತಕ ಎಲ್ಲಿ?"

ಅವನು ಹತ್ತಿ, ಬ್ಯಾಂಡೇಜು ಇಡುವ ರಟ್ಟಿನ ಡಬ್ಬದಿಂದ ಚೈತ್ರಳ ಪುಸ್ತಕ ತೆಗೆದುಕೊಟ್ಟ. ಬೆಟ್ಟಸ್ವಾಮಿ ಇಬ್ಬರು ಪಂಚರನ್ನು ಕರೆಸಿ ಜಪ್ತಿ ಬರೆದರು.

"ಕೀ ಹೆಂಗೆ ಸಿಕ್ತು?"

"ಅಮೃತೇಶ್ ಸಾರ್ ಸ್ನಾನಕ್ಕೆ ಓದಾಗ ಗೊಂಚಲು ತಕ್ಕಂಡೆ."

"ಯಾಕೆ?"

"ವಾರ್ಡಿನ ರೋಗಿಗಳ ಹೆಸ್ರು ಬೇಕಿತ್ತು. ಸಿಸ್ಟರ್ ಸೈನ್ ಎಂಗದೆ ಅಂತ ಗೊತ್ತಿರ್ನಿಲ್ಲ."

"ಹೆಸರು ಕದ್ದೆ. ಹುಣ್ಣಿನ ಲೆಕ್ಕ ಯಾಕೆ ನಿಂದೇ ಬರೆದೆ?"

"ಅದು ನಾನ್ ಮಾಡಿದ್ದಲ್ವಾ ಸಾ. ಸುಳ್ ಬರೆಯಾಕೆ ಕೈ ಬರ್ನಿಲ್ಲ."

"ಅವಳ ಪುಸ್ತಕ ವಾಪಸ್ ಇಡಬಹುದಿತ್ತು."

"ಎರ್ಡೂ ಒಂದ್ಕಡೆ ಇದ್ರೆ ಸಿಕ್ಕಾಕತಿದ್ದೆ."

"ಆ ಹುಡುಗಿ ಗತಿ?"

ಮದನ್ ನೆಲ ನೋಡಿದ. "ಯೋಚ್ನೆ ಮಾಡ್ನಿಲ್ಲ." ರಟ್ಟಿನ ಡಬ್ಬದ ಮುಚ್ಚಳ ಮುಚ್ಚಿ ಹೇಳಿದ, "ಮಾಡ್ದೆ ಸಾ. ಮಾಡ್ಬುಟ್ಟು ಸುಮ್ಕಾದೆ."

ಅಷ್ಟರಲ್ಲಿ ಅಮೃತೇಶ್ ಒಳಗೆ ನುಗ್ಗಿದ. "ಅನ್ನ ಹಾಕಿ ಮನೇಲಿಟ್ಕೊಂಡಿದ್ನಲ್ಲೋ, ಕಳ್ ನನ್ಮಗನೆ."

"ಫೀಸ್ ಕಟ್ಟಿಸ್ಕೊಂಡು ಇಟ್ಕೊಂಡಿದ್ರಿ" ಎಂದರು ಇನ್‌ಸ್ಪೆಕ್ಟರ್. "ಆರು ತಿಂಗಳು ವಾರ್ಡ್ ಪೋಸ್ಟಿಂಗ್ ಅಂತ ಇವನ ಹಾಜರಿ ಹಾಕಿದೋರು ಯಾರು?"

"ಅದು ಆಡಳಿತದ ವಿಷಯ ಸಾರ್."

"ಇವನಿಗೆ ಏನ್ ಹೇಳಿದ್ರಿ?"

ಉತ್ತರ ಮದನ್‌ನಿಂದ ಬಂತು. "ಅಪ್ಪಾಜೀನ ನೋಡ್ಕೊ, ಸೈನೆಲ್ಲ ನಾನ್ ಆಕ್ಸಿಕೊಡ್ತೀನಿ ಅಂದಿದ್ರು. ಜನವರಿ ಕೊನೇಲಿ, ಈ ಸಲ ಆಗಲ್ಲ, ಮುಂದಿನ ವರ್ಷ ಕೂತ್ಕೊ, ಇನ್ನೊಂದ್ ವರ್ಷ ಇಲ್ಲೇ ಇರು ಅಂದ್ರು. ಏಳ್ನೇ ತಾರೀಕು ನಾನೇ ಬರ್ದು ತಂದ್ಕೊಟ್ಟಾಗ, ಆಕಿದ್ ಹಾಜರಿ ಸುಳ್ಳು ಅಂತ ಆಚೀಗ್ ಬತ್ತದೆ ಅಂತ ಬೇಡ ಅನ್ನದೆ ಇಸ್ಕಂಡ್ರು."

ಖೋಟಾ ಸಹಿಯ ಕಲಂ ಸೇರಿಸಿ 11.10ಕ್ಕೆ ಮದನ್‌ನನ್ನು ಬಂಧಿಸಲಾಯಿತು. ಸುಳ್ಳು ಹಾಜರಿಗಾಗಿ ಅಮೃತೇಶ್‌ನನ್ನು ಎರಡನೇ ಆರೋಪಿ ಮಾಡಿ, ವಿಚಾರಣೆಗೆ ಬರುವಂತೆ ನೋಟಿಸ್ ಕೊಡಲಾಯಿತು. ಅವನು ನೋಟಿಸಿಗೆ ಸಹಿ ಹಾಕುವಾಗಲೂ ಫೋನ್ ಕಿವಿಯಲ್ಲೇ ಇತ್ತು. ಒಬ್ಬನಿಗೆ ಬೇಡಿ, ಇನ್ನೊಬ್ಬನಿಗೆ ಕಾಗದ. ಕಾನೂನಿಗೆ ಎರಡಕ್ಕೂ ಕಾರಣ ಸಿಗುತ್ತದೆ.

ಚೈತ್ರಳ ಪುಸ್ತಕ ಈಗ ಮುದ್ದೆಮಾಲು, ನ್ಯಾಯಾಲಯಕ್ಕೆ ಹೋಗಬೇಕು. ವಾಣಿ ಅದರ ಪ್ರತಿ ಪುಟವನ್ನೂ ಜೆರಾಕ್ಸ್ ಮಾಡಿಸಿದಳು. ಇನ್‌ಸ್ಪೆಕ್ಟರ್ ಎಲ್ಲದರ ಮೇಲೂ ಠಾಣೆಯ ಮೊಹರು ಹಾಕಿ ಸಹಿ ಮಾಡಿದರು. ಮಂಗಳವಾರ 9.30ಕ್ಕೆ ಪರೀಕ್ಷಕರು ಆ ಕಟ್ಟನ್ನು ತಿರುವಿ, ಠಾಣೆಗೆ ಒಂದು ಫೋನ್ ಮಾಡಿ, ಅವಳನ್ನು ಒಳಗೆ ಬಿಟ್ಟರು.

ಅದೇ ಹೊತ್ತಿಗೆ ಠಾಣೆಯಲ್ಲಿ ಬೆಟ್ಟಸ್ವಾಮಿ ಮದನ್‌ನ ಹೇಳಿಕೆಯನ್ನು ಶುದ್ಧ ಪ್ರತಿ ಮಾಡುತ್ತಿದ್ದರು. ಕೊನೆಯ ಪ್ಯಾರಾದಲ್ಲಿ ಪೆನ್ನು ನಿಂತಿತು.

"ಸಾರ್, ಇದು ಕೇಸಿಗೆ ಬೇಕಾಗಲ್ಲ. ಪೊಲೀಸರ ಮುಂದೆ ಹೇಳಿದ್ದು, ಕೋರ್ಟೂ ತಗೊಳಲ್ಲ."

"ಓದಿ."

ಬೆಟ್ಟಸ್ವಾಮಿ ಓದಿದರು. "ಆರು ತಿಂಗಳಲ್ಲಿ ನಾನು ಒಂದು ಹುಣ್ಣು ವಾಸಿ ಮಾಡಿದ್ದೇನೆ. ಅದನ್ನು ನನ್ನ ಹೆಸರಿನಲ್ಲಿ ಬರೆದುಕೊಳ್ಳಲು ನನಗೆ ಜಾಗ ಇರಲಿಲ್ಲ."

"ತಗೊಳದಿದ್ರೆ ಬೇಡ" ಎಂದರು ಇನ್‌ಸ್ಪೆಕ್ಟರ್. "ನೀವು ಬರೀರಿ."