ಒಂಟಿಕಾಲಲ್ಲಿ ಬೇಸ್

ತುಂಬಿದ ಫ್ರಿಜ್ ತುಳುಕುವುದಿಲ್ಲ, ಆದರೆ ಗುಂಯ್‌ಗುಡುತ್ತದೆ. ಗಾದೆ ಹೀಗಿಲ್ಲ ಎಂದು ಜಗಳಕ್ಕೆ ಬರಬೇಡಿ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಬೇಕಿದ್ದರೆ ಓಪಲ್‌ಳನ್ನೇ ಕೇಳಿ.

ಹತ್ತು ವರ್ಷದ ಓಪಲ್ ಡೆಟ್ರಾಯಿಟ್‌ನ ತನ್ನ ಮನೆಯ ನೆಲಮಾಳಿಗೆಯಲ್ಲಿ ಫ್ರಿಜ್ಜಿಗೆ ಕಿವಿ ಹಚ್ಚಿ ನಿಂತಿದ್ದಳು.

"ಅಜ್ಜ, ಕಳ್ಳ ಸಿಕ್ಕಿದ. ಇವನೇ ಗುಂಯ್ ಅಂತಿರೋದು."

ಸಂಜೆ ಆರರೊಳಗೆ ಅವಳು ಬೇಸ್ ಗಿಟಾರ್ ನುಡಿಸಿ, ರೆಕಾರ್ಡ್ ಮಾಡಿ, ಬ್ಯಾಂಡ್ ಟೀಚರ್ ಮಿಸ್ ಲಾಫ್ಟನ್‌ಗೆ ಕಳಿಸಬೇಕಿತ್ತು. ಸ್ಕೂಲ್ ಬ್ಯಾಂಡಿನಲ್ಲಿ ಬೇಸ್‌ಗೆ ಇರುವುದು ಒಂದೇ ಕುರ್ಚಿ, ಆಯ್ಕೆ ಈ ರೆಕಾರ್ಡಿಂಗ್ ಕೇಳಿಯೇ. ಗಲಾಟೆ ತುಂಬಿದ ರೆಕಾರ್ಡಿಂಗನ್ನು ಟೀಚರ್ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರಂತೆ. ಆಗಲೇ ಐದು ದಾಟಿತ್ತು.

ಅಲ್ಲಿಯವರೆಗೆ ಆದದ್ದೆಲ್ಲ ಎಡವಟ್ಟೇ. ಅಜ್ಜನ ಹಳೇ ಆಂಪ್ಲಿಫೈಯರ್ ಮುಂದೆ ಮೈಕ್ ಇಟ್ಟು, ಧ್ವನಿ ಎಷ್ಟು ಜೋರಿದೆ ಎಂದು ಲೆವೆಲ್ ನೋಡುವಾಗ ಓಪಲ್ ಮೆಲ್ಲಗೆ, ತಂತಿಗೆ ನೋವಾದೀತೇನೋ ಎಂಬಂತೆ ಮೀಟಿದ್ದಳು. ರೆಕಾರ್ಡರಿನ ಹಸಿರು ದೀಪ ಹಿತವಾಗಿ ಮಿನುಗಿತ್ತು. ಆದರೆ ರೆಕಾರ್ಡಿಂಗ್ ಶುರುವಾದದ್ದೇ ತಡ, ಗಾಬರಿಗೆ ಬೆರಳುಗಳು ತಂತಿಯ ಜೊತೆ ಕುಸ್ತಿಗೇ ಬಿದ್ದವು. ಸದ್ದು ಮಿತಿಮೀರಿತೆಂದು ಕೆಂಪು ದೀಪ ಹತ್ತಿ, ಧ್ವನಿ ಬಟ್ಟೆ ಹರಿದಂತೆ ಚರ್ರೆಂದಿತು.

"ಲೆವೆಲ್ ನೋಡುವಾಗ ಇಲಿ, ರೆಕಾರ್ಡಿಂಗ್‌ನಲ್ಲಿ ಹುಲಿ," ಅಂದ ವೆಂಡೆಲ್ ಅಜ್ಜ. ಚರ್ಚಿನಲ್ಲಿ ಪ್ರತಿ ಭಾನುವಾರ ಬೇಸ್ ನುಡಿಸುವವನು ಅವನು. "ಮೊದಲೇ ಹುಲಿ ಆಗು ಪುಟ್ಟಿ. ಎಷ್ಟು ಗರ್ಜಿಸ್ತೀಯ ಅಂತ ಈಗಲೇ ಗೊತ್ತಾಗಲಿ."

ಓಪಲ್ ಗರ್ಜಿಸಿದಳು. ಅಜ್ಜ ಗುಂಡಿ ತಿರುಗಿಸಿ ಲೆವೆಲ್ ಇಳಿಸಿದ. ಸರಿ, ಇನ್ನು ಉಳಿದದ್ದು ರೆಕಾರ್ಡಿಂಗಿಗೆ ನುಸುಳುವ ಈ ಗುಂಯ್.

ಅದೂ ಗುಂಯ್‌ಗುಡುತ್ತದೆಂದು ಟ್ಯೂಬ್‌ಲೈಟ್ ಆರಿಸಿದರು, ಕಿಟಕಿಯ ಬೆಳಕೇ ಸಾಕಿತ್ತು. ಅಜ್ಜ ಫ್ರಿಜ್ಜಿನ ಪ್ಲಗ್ ಕಿತ್ತು, ತನ್ನ ಕಾರಿನ ಕೀಯನ್ನು ಅದರೊಳಗೆ ಐಸ್‌ಕ್ರೀಮಿನ ಪಕ್ಕ ಇಟ್ಟ. ರೆಕಾರ್ಡಿಂಗಿಗೆಂದು ಫ್ರಿಜ್ ಆರಿಸಿದವರು ಕೀಯನ್ನು ಒಳಗಿಡಬೇಕು. ಅದು ಆ ಮನೆಯ ಕಾನೂನು. ಹೊರಗೆ ಹೊರಟವರು ಕೀ ಹುಡುಕುತ್ತಾರೆ, ಪ್ಲಗ್ ನೆನಪಾಗುತ್ತದೆ. ಒಮ್ಮೆ ಪ್ಲಗ್ ಹಾಕಲು ಮರೆತು ಭಾನುವಾರದ ಊಟದ ಕೋಳಿಯೆಲ್ಲ ಕೆಟ್ಟು ಬೆಕ್ಕಿನ ಪಾಲಾಗಿತ್ತು.

ಇದೇ ಗಡಿಬಿಡಿಯಲ್ಲಿ ಅಣ್ಣ ಟೇವಿಸ್ ಫ್ರಿಜ್ಜಿನ ಹಿಂದೆ ನುಸುಳಿದ್ದನ್ನು ಓಪಲ್ ನೋಡಲಿಲ್ಲ. ಟೇವಿಸ್ ಬಾಯಲ್ಲೇ ಆಂಬುಲೆನ್ಸ್ ಓಡಿಸಬಲ್ಲ, ಪ್ರಿನ್ಸಿಪಾಲರನ್ನು ಕೆಮ್ಮಿಸಬಲ್ಲ. ಫ್ರಿಜ್ ಯಾವ ಲೆಕ್ಕ?

"ಮ್ಮ್ಮ್ಮ್ಮ್..."

ಓಪಲ್ ಪ್ಲಗ್ ಎತ್ತಿ ನೋಡಿದಳು. ಪ್ಲಗ್ ಕೈಯಲ್ಲೇ ಇದೆ, ಫ್ರಿಜ್ ಗುಂಯ್‌ಗುಡುತ್ತಲೇ ಇದೆ.

"ಅಜ್ಜ, ಇದಕ್ಕೆ ಕರೆಂಟೇ ಬೇಡ."

ಅಜ್ಜನಿಗೆ ಫ್ರಿಜ್ಜಿನ ಹಿಂದಿನಿಂದ ಇಣುಕುತ್ತಿದ್ದ ಶೂ ಕಂಡಿತು. ಮೀಸೆ ಒರೆಸಿಕೊಳ್ಳುವ ನೆಪದಲ್ಲಿ ಬಾಯಿ ಮುಚ್ಚಿಕೊಂಡ. "ಬೇಸ್‌ನ ಗುಂಯ್ ಇರಬೇಕು. ಹಿಡಕೊಂಡು ನಿಧಾನ ತಿರುಗು, ಯಾವುದೋ ಒಂದು ದಿಕ್ಕಲ್ಲಿ ಕಮ್ಮಿ ಆಗುತ್ತೆ," ಅಂದ. ಅದು ಸುಳ್ಳೂ ಅಲ್ಲ. ಬೇಸ್ ನುಡಿಸುವವರೆಲ್ಲ, ಸುತ್ತಲಿನ ಕರೆಂಟಿನ ಗುಂಯ್ ಬೇಸ್‌ಗೆ ಅಂಟದ ದಿಕ್ಕು ಹುಡುಕುತ್ತಾ, ಹೀಗೆ ತಿರುಗುವವರೇ.

ಓಪಲ್ ತಿರುಗಿದಳು. ಮೆಟ್ಟಿಲ ಕಡೆ ಮುಖ ಮಾಡಿದರೆ ಗುಂಯ್ ಜೋರು. ವಾಷಿಂಗ್ ಮೆಷಿನ್ ಕಡೆಗೆ ಮಾಡಿದರೆ ಕಮ್ಮಿ. ಎಡಗಾಲು ಎತ್ತಿದರೆ ಇನ್ನೂ ಕಮ್ಮಿ. ಇಳಿಸಿದರೆ ಮತ್ತೆ ಹಾಜರ್. ಯೋಚಿಸುತ್ತಾ ಅವಳು ನಾಲಿಗೆ ಹೊರಚಾಚಿದಾಗ ಸದ್ದು ಪೂರಾ ಬಂದ್!

"ಸಿಕ್ತು ಅಜ್ಜ, ರೆಕಾರ್ಡ್ ಒತ್ತು," ಎಂದಳು. ನಾಲಿಗೆ ಹೊರಗಿದ್ದದ್ದರಿಂದ ಅಜ್ಜನಿಗೆ ಅದು ಎರಡನೇ ಸಲಕ್ಕೆ ಅರ್ಥವಾಯಿತು.

ವಾಷಿಂಗ್ ಮೆಷಿನ್ನಿಗೆ ನಾಲಿಗೆ ತೋರಿಸುತ್ತಾ, ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ಓಪಲ್ ಹಾಡು ಪೂರ್ತಿ ನುಡಿಸಿದಳು. ಬೀಳದಿದ್ದರೆ ಸಾಕು ಎಂಬುದೊಂದೇ ಚಿಂತೆ. ಕೊನೆಯ ಸ್ವರ ನಿಧಾನವಾಗಿ ಕರಗಿತು.

ಆಗ ಫ್ರಿಜ್ಜಿನ ಹಿಂದೆ ಪುಸಕ್ಕೆಂದಿತು. ಹೊಟ್ಟೆ ಹಿಡಿದುಕೊಂಡು, ಮೈತುಂಬ ಜೇಡರಬಲೆ ಹೊತ್ತು ಟೇವಿಸ್ ಹೊರಗುರುಳಿದ.

ಓಪಲ್‌ಳ ಕಣ್ಣು ತುಂಬಿತು. "ಎಲ್ಲಾ ಹಾಳು ಮಾಡಿದೆ ಕಣೋ. ಇನ್ನೊಂದ್ಸಲ ಮಾಡೋಕೆ ಟೈಮೆಲ್ಲಿದೆ?"

ಟೇವಿಸ್‌ನ ನಗು ಅಲ್ಲೇ ನಿಂತಿತು. ಹಾಡು ಮುಗಿಯುವ ತನಕ ಬಾಯಿ ಬಿಟ್ಟಿಲ್ಲ ಕಣೇ, ಆಣೆ, ಎಂದು ತೊದಲಿದ. ಅಜ್ಜ ಮೊಮ್ಮಗಳಿಗೆ ಹೆಡ್‌ಫೋನ್ ಕೊಟ್ಟ.

ಮೊದಲು ಸಣ್ಣಗೆ, ಸೊಳ್ಳೆಯಂಥ ಒಂದು ಗುಂಯ್ ಕೇಳಿಸಿತು. ಅದು ಆಂಪ್ಲಿಫೈಯರಿನದೇ. ಆಮೇಲೆ ಅವಳ ಮೊದಲ ಸ್ವರ ಬಂತು, ದುಂಡಗೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲೂ ಚರ್ರೆನ್ನಲಿಲ್ಲ, ಇಲಿಯೂ ಇಲ್ಲ, ಹುಲಿಯೂ ಇಲ್ಲ. ಓಪಲ್ ಸೊಳ್ಳೆಯನ್ನು ಹುಡುಕಿದಳು. ಸ್ವರಗಳ ನಡುವೆ ಅದು ಸಿಗಲೇ ಇಲ್ಲ. ಕೊನೆಯ ಸ್ವರ ಕರಗಿದ ಮೇಲೆ ಮತ್ತೆ ಸಣ್ಣಗೆ ಬಂತು. ಇಷ್ಟೇ ಇಷ್ಟು. ಇದರ ಹಿಂದೆಯೇ ಅವಳು ಸಂಜೆಯೆಲ್ಲ ಓಡಿದ್ದಳು.

ಪುಸಕ್ಕಿನ ಮುಂಚೆಯೇ ಕತ್ತರಿಸಿ, ಹಾಡನ್ನು ಟೀಚರಿಗೆ ಕಳಿಸಿದಳು. ಆರಕ್ಕೆ ಇನ್ನೂ ಎರಡು ನಿಮಿಷವಿತ್ತು.

ಅಭ್ಯಾಸಕ್ಕೆಂದು ಚರ್ಚಿಗೆ ಹೊರಟ ಅಜ್ಜ ಜೇಬು ತಡಕಿದ. ಕೀ ಇಲ್ಲ. ನೆನಪಾಗಿ, ಫ್ರಿಜ್ಜಿನಿಂದ ಕೀ ತೆಗೆದುಕೊಂಡು ಪ್ಲಗ್ ಹಾಕಿದ. ನಿಜವಾದ ಫ್ರಿಜ್ ನಿಜವಾಗಿಯೇ ಗುಂಯ್ ಎಂದಿತು.

ಓಪಲ್‌ಳ ಎಡಗಾಲು ತಾನಾಗಿಯೇ ಮೇಲೆದ್ದಿತು.

ಟೇವಿಸ್ ಕಾಲನ್ನು ನೋಡಿದ. ಅಜ್ಜನೂ ನೋಡಿದ. ಕೊನೆಗೆ ಓಪಲ್‌ಳೇ ಬಗ್ಗಿ ನೋಡಿಕೊಂಡಳು. ಮೂವರೂ ನಕ್ಕರು. ಮೈಕ್ ಇನ್ನೂ ಆನ್ ಆಗಿಯೇ ಅಲ್ಲೇ ಇತ್ತು. ಅಜ್ಜನ ನಗುವಿಗೆ ಹಸಿರು ದೀಪ ಮಿನುಗಿತು, ಟೇವಿಸ್‌ನ ನಗುವಿಗೂ ಹಸಿರೇ. ಕೆಂಪು ಹತ್ತಿದ್ದು ಓಪಲ್ ನಕ್ಕಾಗ. ಹತ್ತಿದ್ದು ಆರಲೇ ಇಲ್ಲ.