ಹನ್ನೆರಡಕ್ಕೆ ಇದ್ದ ಆಪರೇಷನ್

ಸೋಮವಾರ ಬೆಳಿಗ್ಗೆ 9.40ಕ್ಕೆ ಸಂಶಿಯ ಶೈಲಶ್ರೀ ಕುಂದಗೋಳ ಠಾಣೆಗೆ ಬಂದು ಕೊಟ್ಟ ದೂರು ಇಷ್ಟು: ಪಂಪು ರಿಪೇರಿ ಅಂಗಡಿ ನಡೆಸುವ ಗಂಡ ಸಂಗನಬಸವ, ವಯಸ್ಸು ಮೂವತ್ತೆಂಟು, ಮನೆಯಿಂದ ಕಾಣೆಯಾಗಿದ್ದಾನೆ. ಏಳು ಗಂಟೆಗೆ ಅಂಬುಲೆನ್ಸಿಗೆ ದಾರಿ ತೋರಿಸಲು ಅವಳು ಬಸ್ ನಿಲ್ದಾಣಕ್ಕೆ ಹೋಗಿ ಬರುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು.

“ನಡಕೋತ ಹೋಗ್ಯಾರೇನು?” ಇನ್ಸ್‌ಪೆಕ್ಟರ್ ದಾನೇಶ್ವರಿ ಕೇಳಿದರು.

“ಎದ್ದು ಕೂಡಾಕೂ ಬರಂಗಿಲ್ರಿ. ಬೆನ್ನಾಗ ಕೀವು ತುಂಬೇತಿ. ಹನ್ನೆರಡಕ್ಕ ಹುಬ್ಬಳ್ಳ್ಯಾಗ ಆಪರೇಷನ್ ಐತ್ರಿ.”

“ಮತ್ತ ಇಷ್ಟೊತ್ತು ಏನ್ ಮಾಡಿದ್ರಿ?”

“ಮಂದಿಗೆ ಗೊತ್ತಾಗೂದು ಬ್ಯಾಡ, ನಾವ ಹುಡುಕೂಣು ಅಂದ್ರು ನಮ್ಮ ಭಾವ.”

ಭಾವ, ಅಂದರೆ ಸಂಗನಬಸವನ ಅಣ್ಣ ಶಂಭುಲಿಂಗಪ್ಪ, ಬಾಗಿಲ ಬಳಿಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. 9.55ಕ್ಕೆ ಎಫ್‌ಐಆರ್ ದಾಖಲಾಯಿತು.

ದಾನೇಶ್ವರಿ ಹುಬ್ಬಳ್ಳಿಯ ಸರ್ಜನ್‌ಗೆ ಫೋನ್ ಮಾಡಿದರು.

“ಕೀವು ಬೆನ್ನುಹುರಿನ ಒತ್ತಾಕತ್ತೇತಿ,” ಎಂದರು ಆತ. “ಅದನ್ನ ತಗದು, ಕೊಳೆತ ಎಲುಬು ಕೆರೆದು, ರಾಡು-ಸ್ಕ್ರೂ ಹಾಕಿ ನಿಲ್ಲಸಬೇಕು. ನಿನ್ನೆ ಕಾಲಬೆರಳು ಅಲುಗಾಡ್ತಿದ್ವು. ತಡ ಆದ್ರ ಕಾಲು ಹೋಗ್ತಾವ. ನಿನ್ನೇನ ಅಡ್ಮಿಟ್ ಮಾಡ್ರಿ ಅಂದ್ರ, ಬಟ್ಟಿ ತರ್ತೀವಿ ಅಂತ ಊರಿಗೆ ಹೋದ್ರು.”

ಬಟ್ಟೆ! ದಾನೇಶ್ವರಿ ಹಲ್ಲು ಕಚ್ಚಿಕೊಂಡು ಜೀಪು ಹತ್ತಿದರು.

10.50ಕ್ಕೆ ಮನೆಯಲ್ಲಿ ಪಂಚನಾಮೆ ನಡೆಯಿತು. ಬಾಗಿಲು ಮುರಿದಿರಲಿಲ್ಲ, ಯಾರೂ ಕೂಗಿರಲಿಲ್ಲ. ಬೇರೆ ದಿನ ಯಾರ ಮನೆಗೆ ಯಾವ ಬೀಗರು ಬಂದರು ಎಂಬುದನ್ನೆಲ್ಲ ಬಲ್ಲ ಓಣಿ ಇವತ್ತು ಒಂದೇ ಬಾಯಿಯಲ್ಲಿ “ನಾವು ನೋಡಿಲ್ರಿ” ಅಂದಿತು. ಒಂದು ತಾಸು ಹೀಗೇ ಹಾಳಾಯಿತು. ದಾನೇಶ್ವರಿಗೆ ತಲೆ ಕೆಟ್ಟು ಹೋಯಿತು.

12.05ಕ್ಕೆ ಸರ್ಜನ್ ತಾವೇ ಫೋನ್ ಮಾಡಿದರು. “ಒಂದು ಮಾತು ನೆನಪಾತು ಮೇಡಂ. ಬೆನ್ನು ಕೊಯ್ದಾಗ, ಪೆಟ್ಟು ಬಿದ್ದು ಎಲುಬು ಮುರಿದಿದ್ರ ಗೊತ್ತಾಗತೈತೇನು ಅಂತ ಪೇಶಂಟ್‌ನ ಅಣ್ಣ ಕೇಳಿದ್ರು.”

ದಾನೇಶ್ವರಿ ಹೆಡ್ ಕಾನ್‌ಸ್ಟೇಬಲ್ ಮಹಬೂಬಸಾಬನ ಕಡೆ ತಿರುಗಿದರು. “ಅಣ್ಣ ತಮ್ಮಗ ಜಗಳ ಏನರ ಇತ್ತೇನು?”

“ಜಗಳ ಇಲ್ರಿ.” ಮಹಬೂಬಸಾಬ ಕೆಮ್ಮಿದ. “ಶಂಭುಲಿಂಗಪ್ಪ ಕಾಲು ಮುಂದಾಗಿ ಹುಟ್ಟಿದಾಂವ್ರಿ. ಯಾರಿಗರ ಟೊಂಕ ಹಿಡದ್ರ ಬೆನ್ನಿಗೆ ಒದೀತಾನ. ಅಂಥಾವ್ರು ಒದ್ರ ನೋವು ಬಿಟ್ಟು ಹೋಗತೈತಿ ಅಂತಾರ್ರಿ.”

“ಇದನ್ನ ಮೊದಲ ಹೇಳಾಕ ಏನಾಗಿತ್ತು?”

“ಎಲ್ಲಾರಿಗೂ ಗೊತ್ತಿದ್ದದ್ದರಿ. ನಾನೂ ಒದಿಸ್ಕೊಂಡೀನಿ.”

ದಾನೇಶ್ವರಿ ಅವನನ್ನು ಬೈಯಲು ಬಾಯಿ ತೆರೆದು, ಹೊತ್ತಾಗುತ್ತದೆಂದು ಮುಚ್ಚಿದರು. ಪಡಸಾಲೆಯಲ್ಲಿದ್ದ ಶಂಭುಲಿಂಗಪ್ಪನನ್ನು ಒಳಗೆ ಕರೆದು ಎದುರಿಗೆ ಕೂರಿಸಿಕೊಂಡರು.

“ತಮ್ಮ ಎಲ್ಲಿ?”

ಶಂಭುಲಿಂಗಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಅವನ ಕಾಲು ಹೋಗಾಕತ್ತಾವ. ಎಲ್ಲಿ?”

“ಹೊಲದ ಮನ್ಯಾಗ್ರಿ.”

“ಹೆಂಗ ಒಯ್ದಿ?”

“ಆಸ್ಪತ್ರಿಗೆ ಹೋಗೂಣು ಅಂದೆ. ನಂಬಿ ಹೆಗಲಿಗೆ ಕೈ ಹಾಕಿದ. ನಮ್ಮ ಗಾಡ್ಯಾಗ ಮಲಗಿಸಿದೆ.”

“ಯಾಕ?”

“ನಾನ ಒದ್ದೇನ್ರಿ. ಹೋದ ಅಮಾಸಿಗೆ, ಮೂರು ಸಲ. ಅದಾದ ಮ್ಯಾಲೆನ ಅವನ ಕಾಲಾಗಿನ ಶಕ್ತಿ ಹೋತು. ಕೊಯ್ದು ನೋಡಿದ್ರ ನನ್ನ ಒದಿಕಿ ಕಾಣತೈತಿ. ಎಲುಬು ಕೂಡಸಾಂವನ್ನ ಕರೆಸಿ ಸರಿ ಮಾಡಸಬೇಕಂದಿದ್ದೆ.” ಶಂಭುಲಿಂಗಪ್ಪ ಅಳತೊಡಗಿದ.

12.50ಕ್ಕೆ ಹೊಲದ ಮನೆಯಲ್ಲಿ, ಹತ್ತಿಯ ಚೀಲಗಳ ಮೇಲೆ, ಜ್ವರದಿಂದ ಕನವರಿಸುತ್ತ ಸಂಗನಬಸವ ಸಿಕ್ಕ. ಶೈಲಶ್ರೀ ಗಂಡನ ಕಾಲಬೆರಳು ಹಿಡಿದು, “ಅಲುಗಾಡಸ್ರಿ, ಒಮ್ಮೆ ಅಲುಗಾಡಸ್ರಿ,” ಎನ್ನುತ್ತಲೇ ಇದ್ದಳು. ಅವು ಅಲುಗಲಿಲ್ಲ. ಒಂದು ಗಂಟೆಗೆ ಅಂಬುಲೆನ್ಸ್ ಹೊರಟಿತು. 1.20ಕ್ಕೆ ಶಂಭುಲಿಂಗಪ್ಪನನ್ನು ಬಂಧಿಸಲಾಯಿತು.

ಸಂಜೆ ಆರಕ್ಕೆ ಸರ್ಜನ್ ಫೋನ್ ಬಂತು. ಕೀವು ತೆಗೆದಾಗಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ತಿಂಗಳ ಹಿಂದೆ ತೊಡೆಗೆ ಎದ್ದಿದ್ದ ಕುರುವಿನ ರೋಗಾಣು ರಕ್ತದಲ್ಲಿ ಹರಿದು ಬೆನ್ನು ಸೇರಿರಬೇಕು ಎಂದರು. ಪೆಟ್ಟು ಬಿದ್ದು ಮುರಿದ ಎಲುಬು ಒಂದೂ ಇರಲಿಲ್ಲ.

ದಾನೇಶ್ವರಿ ಲಾಕಪ್ಪಿನ ಮುಂದೆ ನಿಂತು ಅದನ್ನು ಹೇಳಿದರು. “ನಿನ್ನ ಒದಿಕಿಯಿಂದ ಏನೂ ಆಗಿರಲಿಲ್ಲಪಾ.”

ಶಂಭುಲಿಂಗಪ್ಪನ ಮುಖ ಅರಳಿತು. “ಖರೇನೇನ್ರಿ? ಹಂಗಾರ ಕಾಲು ಬರ್ತಾವಲ್ರೀ?”



“ಮುಂಜಾನಿ ಒಯ್ದಿದ್ರ ಉಳೀತಿದ್ವು ಅಂತಾರ ಡಾಕ್ಟರು,” ಎಂದರು ದಾನೇಶ್ವರಿ. “ಈ ಆರು ತಾಸಿನಾಗ ಹೋಗ್ಯಾವ.”

ಆಮೇಲೆ ಮೇಜಿಗೆ ಬಂದು ಕೇಸ್ ಡೈರಿಯಲ್ಲಿ ಬರೆದರು: ಆರೋಪಿ ತಾನು ಮಾಡಿರದ ತಪ್ಪನ್ನು ಮುಚ್ಚಿಡಲು ಈ ಕೃತ್ಯ ಎಸಗಿದ್ದಾನೆ.